ಸಸಿ ನೆಡುವುದು ಕೊನೆಗೆ: ಊರಂಚಿನ ಕಾಡನ್ನು ಮತ್ತೆ ಎಬ್ಬಿಸುವ ಕೆಲಸ ಹೇಗೆ ನಡೆಯುತ್ತದೆ?

ಮುಂಗಾರು ಕಾಲಿಡುವ ಹೊತ್ತಿಗೆ ಮೈಸೂರಿನ ವಾಟ್ಸ್‌ಆ್ಯಪ್ ಗುಂಪುಗಳಿಗೆ ಒಂದು ಸಂದೇಶ ತಪ್ಪದೆ ಬರುತ್ತದೆ: ‘ಭಾನುವಾರ ಬೆಳಿಗ್ಗೆ ಆರೂವರೆಗೆ ಬೆಟ್ಟದ ಪಾದದ ಹತ್ತಿರ ಸೇರೋಣ. ಹಾರೆ, ಗುದ್ದಲಿ ನಾವೇ ತರುತ್ತೇವೆ. ನೀವು ಟೋಪಿ, ನೀರಿನ ಬಾಟಲಿ ತನ್ನಿ. ತಿಂಡಿ ಇರುತ್ತದೆ.’ ಮೊದಲೆಲ್ಲ ಇದಕ್ಕೊಂದು ಕೈಮುಗಿಯುವ ಚಿತ್ರ ಹಾಕಿ ಸುಮ್ಮನಾಗುತ್ತಿದ್ದವರೇ ಜಾಸ್ತಿ. 2025ರ ಏಪ್ರಿಲ್‌ನಲ್ಲಿ ಹೈದರಾಲಿ ರಸ್ತೆ ಅಗಲ ಮಾಡಲು 40 ಮರಗಳನ್ನು ಉರುಳಿಸಿದ ಮೇಲೆ ಊರಿನ ಮಾತು ಸ್ವಲ್ಪ ಬದಲಾಯಿತು. ಮರ ಹೋದದ್ದಕ್ಕೆ ಸಿಟ್ಟಾದವರಲ್ಲಿ ಎಷ್ಟೋ ಜನ ‘ನಾವೇನು ಮಾಡಬಹುದು?’ ಎಂದು ಕೇಳತೊಡಗಿದರು. ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ಬನ್ನಿ, ಸಸಿ ನೆಡೋಣ.

ಆ ಉತ್ತರ ತಪ್ಪಲ್ಲ, ಅರ್ಧ ಮಾತ್ರ. ರಸ್ತೆ ಬದಿಯ ಮರದ ಜಾಗಕ್ಕೆ ಇನ್ನೊಂದು ಮರ ನೆಡುವುದು ಒಂದು ಕೆಲಸ. ಚಾಮುಂಡಿ ಬೆಟ್ಟದ ತಪ್ಪಲು, ಕೆರೆಯಂಚು, ಹೊರವಲಯದಲ್ಲಿ ಉಳಿದಿರುವ ಕುರುಚಲು ಕಾಡು ಇವುಗಳನ್ನು ಮತ್ತೆ ಕಾಡಾಗಿಸುವುದು ಬೇರೆಯೇ ಕೆಲಸ. ಈ ಎರಡನೆಯದರಲ್ಲಿ ಸಸಿ ನೆಡುವ ಪಾಳಿ ಬರುವುದು ಬಹಳ ತಡವಾಗಿ. ಕೆಲವು ಕಡೆ ಬರುವುದೇ ಇಲ್ಲ.

ಪಾರ್ಕು ಬೇರೆ, ಕಾಡು ಬೇರೆ

ಪಾರ್ಕಿನಲ್ಲಿ ಮರದ ಕೆಳಗಿನ ಎಲೆ ಗುಡಿಸುತ್ತಾರೆ. ಕಾಡಿನಲ್ಲಿ ಆ ಎಲೆಯೇ ಬಂಡವಾಳ. ಬಿದ್ದ ತರಗೆಲೆಯನ್ನು ಗೆದ್ದಲು, ಅಣಬೆ, ಎರೆಹುಳು ಮುರಿದು ಮಣ್ಣು ಮಾಡುತ್ತವೆ. ಆ ಮಣ್ಣು ಮಳೆನೀರನ್ನು ಸ್ಪಂಜಿನಂತೆ ಹಿಡಿದಿಡುತ್ತದೆ. ಹಕ್ಕಿ ಉದುರಿಸಿದ ಬೀಜ ಅಲ್ಲೇ ಮೊಳೆಯುತ್ತದೆ. ಪಾರ್ಕಿಗೆ ಮಾಲಿ ಬೇಕು, ಪೈಪು ಬೇಕು. ಕಾಡು ತನ್ನ ಸಂಸಾರವನ್ನು ತಾನೇ ನಡೆಸಿಕೊಂಡು ಹೋಗುತ್ತದೆ. ನಗರ ಅರಣ್ಯ ಎಂದರೆ ಊರಿನ ಒಳಗೋ ಅಂಚಿಗೋ ಇದ್ದು, ಹೀಗೆ ತನ್ನಷ್ಟಕ್ಕೆ ತಾನು ಬದುಕಬಲ್ಲ ಹಸಿರು. ಮರ, ಪೊದೆ, ಬಳ್ಳಿ, ಹುಲ್ಲು ಎಲ್ಲವೂ ಅದರ ಲೆಕ್ಕಕ್ಕೆ ಸೇರುತ್ತವೆ.

ಪುನಶ್ಚೇತನ ಎಂದರೆ ಹಾಳಾದ ಕಾಡು ಆ ಸಂಸಾರವನ್ನು ಮತ್ತೆ ಹೂಡಿಕೊಳ್ಳಲು ನೆರವಾಗುವುದು. ಕಾಲು ಮುರಿದವನಿಗೆ ಡಾಕ್ಟರು ಹೊಸ ಮೂಳೆ ತಂದು ಹಾಕುವುದಿಲ್ಲ. ಪಟ್ಟಿ ಕಟ್ಟಿ, ಅಲ್ಲಾಡದಂತೆ ನೋಡಿಕೊಳ್ಳುತ್ತಾರೆ; ಮೂಳೆ ಕೂಡಿಕೊಳ್ಳುವುದು ತನ್ನಷ್ಟಕ್ಕೆ. ಸ್ವಯಂಸೇವಕರು ಮಾಡುವುದು ಬಹುಪಾಲು ಈ ಪಟ್ಟಿ ಕಟ್ಟುವ ಕೆಲಸವೇ.

ನಮ್ಮ ಬೆಟ್ಟದ್ದು ಎಂಥ ಕಾಡು?

ಹಸಿರು ಎಂದಕೂಡಲೆ ನಮ್ಮ ಕಣ್ಣಿಗೆ ಕಟ್ಟುವುದು ಮಲೆನಾಡು. ಮೈಸೂರು ಮಲೆನಾಡಲ್ಲ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರ್. ಅದೂ ಒಂದೇ ಹದದಲ್ಲಿ ಬರುವುದಿಲ್ಲ: ಏಪ್ರಿಲ್‌, ಮೇ ತಿಂಗಳಲ್ಲಿ ಗುಡುಗು ಸಿಡಿಲಿನ ಜೋರು ಮಳೆ, ಆಮೇಲೆ ಜೂನ್‌ನಿಂದ ಆಗಸ್ಟ್‌ವರೆಗೆ ತೆಳ್ಳನೆಯ ಸೋನೆ, ಸೆಪ್ಟೆಂಬರ್‌, ಅಕ್ಟೋಬರ್‌ನಲ್ಲಿ ಮತ್ತೆ ಒಳ್ಳೆಯ ಮಳೆ. ನವೆಂಬರ್ ಕಳೆದರೆ ನಾಲ್ಕೈದು ತಿಂಗಳು ಹನಿ ಇಲ್ಲ.

ಇಂಥ ನೆಲದಲ್ಲಿ ಬೆಳೆಯುವುದು ಎಲೆ ಉದುರುವ ಒಣ ಕಾಡು ಮತ್ತು ಕುರುಚಲು ಕಾಡು. ದಿಂಡಿಗ, ಮುತ್ತುಗ, ಕಕ್ಕೆ, ಬಿಲ್ವ, ಬೇಲ, ನೆಲ್ಲಿ, ಕಗ್ಗಲಿ, ಬೇವು, ಶ್ರೀಗಂಧ, ಬಂಡೆಯ ಸಂದಿಯಲ್ಲಿ ಬೇರು ಇಳಿಬಿಟ್ಟ ಬಸರಿ, ಅತ್ತಿ: ಇವು ಇಲ್ಲಿಯ ಮರಗಳು. ಫೆಬ್ರುವರಿಯಲ್ಲಿ ಇವುಗಳಲ್ಲಿ ಹೆಚ್ಚಿನವು ಎಲೆ ಕಳಚಿ ಬೋಳಾಗಿ ನಿಲ್ಲುತ್ತವೆ. ನೀರು ಉಳಿಸಲು ಮರ ಕಂಡುಕೊಂಡ ದಾರಿ ಅದು. ಆದಾಯ ನಿಂತ ತಿಂಗಳಲ್ಲಿ ಮನೆ ಖರ್ಚು ಹಿಡಿದ ಹಾಗೆ. ಗೊತ್ತಿಲ್ಲದವರು ಮಾರ್ಚ್‌ನ ಬೆಟ್ಟ ನೋಡಿ ‘ಒಣಗಿಹೋಗಿದೆ, ಏನಾದರೂ ನೆಡಬೇಕು’ ಎನ್ನುತ್ತಾರೆ. ಅದೇ ಹೊತ್ತಿಗೆ ಮುತ್ತುಗ ಮೈತುಂಬ ಹೂ ಬಿಟ್ಟಿರುತ್ತದೆ.

ಇನ್ನೊಂದು ಮಾತು. ಸುಮಾರು 80 ಕೋಟಿ ವರ್ಷದಷ್ಟು ಹಳೆಯ ಗ್ರಾನೈಟಿನ ಬೆಟ್ಟ ಇದು. ಎಷ್ಟೋ ಕಡೆ ಬಂಡೆಯ ಮೇಲೆ ಗೇಣು ಮಣ್ಣೂ ಇಲ್ಲ. ಅಲ್ಲಿ ಹುಲ್ಲೇ ಇರಬೇಕಾದ್ದು. ಹುಲ್ಲಿನ ಜಾಗವನ್ನು ಖಾಲಿ ಜಾಗ ಎಂದು ತಿಳಿದು ಗುಂಡಿ ತೋಡಿದರೆ ಸಸಿಯೂ ಉಳಿಯುವುದಿಲ್ಲ, ಹುಲ್ಲು ಹಿಡಿದಿದ್ದ ಮಣ್ಣೂ ಮೊದಲ ಮಳೆಗೆ ಕೆಳಗೆ ಹೋಗುತ್ತದೆ. ಇಳಿಜಾರಿನಲ್ಲಿ ಮಣ್ಣು ಕೆದಕುವುದು ಹಗುರವಾದ ವಿಷಯ ಅಲ್ಲ. 2021ರ ಮಳೆಗಾಲದ ಕೊನೆಗೆ ಇದೇ ಬೆಟ್ಟದ ನಂದಿ ವಿಗ್ರಹಕ್ಕೆ ಹೋಗುವ ರಸ್ತೆಯ ಒಂದು ಬದಿ ಕುಸಿದದ್ದನ್ನು ನೋಡಿದವರಿಗೆ, ನೀರು ಕುಡಿದ ಮಣ್ಣಿಗೆ ಎಷ್ಟು ಭಾರ ಎಂಬ ಅಂದಾಜು ಇರುತ್ತದೆ.

ನೆಲದೊಳಗೆ ಕಾಯುತ್ತಿರುವ ಕೂಳೆ

ಮಂಡ್ಯದ ಕಡೆಯವರಿಗೆ ಕೂಳೆ ಕಬ್ಬಿನ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. ಕಬ್ಬು ಕಡಿದ ಮೇಲೆ ಬುಡ ಹಾಗೇ ಬಿಟ್ಟರೆ ಅದೇ ಬೇರಿನಿಂದ ಮತ್ತೆ ಚಿಗುರು ಬಂದು ಇನ್ನೊಂದು ಬೆಳೆ ಆಗುತ್ತದೆ. ಹೊಸ ಬಿತ್ತನೆ ಬೇಡ. ಒಣ ಕಾಡಿನ ಬಹುಪಾಲು ಮರಗಳೂ ಕೂಳೆ ಜಾತಿಯವೇ. ಸೌದೆಗೆ ಕಡಿಯಲಿ, ಮೇಕೆ ಮೇಯಲಿ, ಬೆಂಕಿ ಬೀಳಲಿ, ಬುಡ ಸಾಯುವುದಿಲ್ಲ. ಮುಂದಿನ ಮಳೆಗೆ ಮತ್ತೆ ನಾಲ್ಕು ಚಿಗುರು ಹೊರಡುತ್ತವೆ. ಮತ್ತೆ ಯಾರೋ ಕಡಿಯುತ್ತಾರೆ, ಮತ್ತೆ ಸುಡುತ್ತದೆ. ಹೀಗೆ ಮೊಳಕಾಲೆತ್ತರ ದಾಟಲಾಗದೆ ಇಪ್ಪತ್ತು ಮೂವತ್ತು ವರ್ಷ ನಿಂತಲ್ಲೇ ನಿಂತ ಗಿಡಗಳು ಇರುತ್ತವೆ. ನೋಡಲು ಮಗು, ನೆಲದೊಳಗಿನ ಬೇರಿಗೆ ಅಜ್ಜನ ವಯಸ್ಸು.

ಮೊದಲ ಸಲ ಇಂಥ ಕೆಲಸಕ್ಕೆ ಹೋದಾಗ ನನಗೆ ಇದನ್ನು ತೋರಿಸಿದ್ದು ಅರಣ್ಯ ಇಲಾಖೆಯ ವಾಚರ್ ಒಬ್ಬರು. ಕರಿದುಹೋದ ಒಂದು ಮೋಟು. ಒಣ ಕಡ್ಡಿ ಎಂದುಕೊಂಡು ಕಾಲಲ್ಲಿ ಒದೆಯಲು ಹೋಗಿದ್ದೆ. ಅವರು ತಡೆದು, ಕೂತು, ಬುಡದ ಬೂದಿಯನ್ನು ಬೆರಳಿನಿಂದ ಸರಿಸಿದರು. ಅಕ್ಕಿಕಾಳಿನಷ್ಟು ದಪ್ಪದ ಕೆಂಪು ಮೊಗ್ಗು ಎರಡು ಅಂಟಿಕೊಂಡಿದ್ದವು. ‘ಸತ್ತಿಲ್ಲ ಕಣ್ ಸಾ, ಮಲಗೈತೆ’ ಎಂದರು. ಅದು ದಿಂಡಿಗ.

ಹೊಸ ಸಸಿಗೂ ಈ ಕೂಳೆಗೂ ಇರುವ ವ್ಯತ್ಯಾಸ ಲೆಕ್ಕಕ್ಕೆ ಸಿಗುವಂಥದ್ದು. ನರ್ಸರಿಯ ಪಾಕೆಟ್‌ ಸಸಿಗೆ ಇರುವುದು ಹೆಚ್ಚೆಂದರೆ ಒಂದಡಿ ಬೇರು. ಜನವರಿಯ ಹೊತ್ತಿಗೆ ಮೇಲಿನ ಒಂದಡಿ ಮಣ್ಣು ಪೂರ್ತಿ ಒಣಗಿರುತ್ತದೆ. ಕೂಳೆಯ ಬೇರು ಬಂಡೆಯ ಸಂದಿ ಹುಡುಕಿಕೊಂಡು ಎಷ್ಟೋ ಆಳಕ್ಕೆ ಇಳಿದಿರುತ್ತದೆ. ಅದಕ್ಕೆ ಬೇಕಾದ್ದು ನೀರಲ್ಲ, ಬಿಡುವು. ಮೂರು ನಾಲ್ಕು ವರ್ಷ ಬೆಂಕಿ, ಮಚ್ಚು, ಮೇಕೆ ಮೂರನ್ನೂ ದೂರ ಇಟ್ಟರೆ ಆಳೆತ್ತರ ದಾಟಿಬಿಡುತ್ತದೆ. ಆಮೇಲೆ ಹುಲ್ಲಿನ ಬೆಂಕಿ ಅದನ್ನು ಸುಲಭವಾಗಿ ಕೊಲ್ಲಲಾರದು.

ಹಾಗಾಗಿ ಸ್ವಯಂಸೇವಕರ ಮೊದಲ ದಿನದ ಕೆಲಸ ಹುಡುಕಾಟ. ಒಂದು ತುಂಡು ಜಾಗವನ್ನು ಸಾಲಾಗಿ ನಡೆದು, ಬದುಕಿರುವ ಬುಡ, ತಾನಾಗೇ ಹುಟ್ಟಿದ ಸಸಿ ಕಂಡಲ್ಲೆಲ್ಲ ಬಣ್ಣದ ಬಟ್ಟೆಯ ಚೂರು ಕಟ್ಟುತ್ತಾ ಹೋಗುವುದು. ಇಲಾಖೆಯ ಕಡತದಲ್ಲಿ ಇದಕ್ಕೆ ಎ.ಎನ್.ಆರ್. ಎಂಬ ಹೆಸರಿದೆ: ಸಹಜವಾಗಿ ಹುಟ್ಟಿಬರುವುದಕ್ಕೆ ನೆರವು ಕೊಡುವುದು ಎಂದು ಅರ್ಥ. ಫೋಟೋಗೆ ಅಷ್ಟೇನೂ ಚೆನ್ನಾಗಿ ಬರುವ ಕೆಲಸ ಅಲ್ಲ, ಒಪ್ಪುತ್ತೇನೆ.

ಲಂಟಾನ: ನೆಂಟನಾಗಿ ಬಂದು ಯಜಮಾನನಾದದ್ದು

ಎರಡನೆಯ ಕೆಲಸವೇ ಇಡೀ ಸಂಗತಿಯ ಬೆನ್ನೆಲುಬು: ಕಳೆ ತೆಗೆಯುವುದು. ಕಳೆ ಎಂದರೆ ಇಲ್ಲಿ ಮುಖ್ಯವಾಗಿ ಲಂಟಾನ.

ಚಿಕ್ಕಂದಿನಲ್ಲಿ ಬೇಲಿಯಂಚಿನಲ್ಲಿ ಇದರ ಕಪ್ಪು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡವರಲ್ಲಿ ನಾನೂ ಒಬ್ಬ. (ಹಸಿರು ಕಾಯಿ ವಿಷ, ಮಕ್ಕಳಿಗೆ ಮಾತ್ರ ಕಲಿಸಬೇಡಿ.) ಹಳದಿ, ಗುಲಾಬಿ, ಕಿತ್ತಳೆ ಬಣ್ಣದ ಪುಟ್ಟ ಹೂಗೊಂಚಲು, ಉಜ್ಜಿದರೆ ಮೂಗಿಗೆ ಹೊಡೆಯುವ ಎಲೆ, ಕೈ ಗೀರುವ ಕಾಂಡ. ಇದರ ತವರು ಅಮೆರಿಕದ ಉಷ್ಣವಲಯ. 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಇದನ್ನು ಅಲಂಕಾರದ ಗಿಡವೆಂದು ಕಲ್ಕತ್ತದ ಸಸ್ಯೋದ್ಯಾನಕ್ಕೆ ತಂದರು. ಎರಡು ಶತಮಾನ ಕಳೆಯುವಷ್ಟರಲ್ಲಿ ಬೇಲಿ ದಾಟಿ ಕಾಡು ಹೊಕ್ಕು ಕೂತಿತು. ದೇಶದ ಹುಲಿ ನೆಲೆಗಳಲ್ಲಿ ಶೇ 40ಕ್ಕೂ ಹೆಚ್ಚು ಭಾಗಕ್ಕೆ ಲಂಟಾನದ ಕಾಟ ಇದೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಬಂಡೀಪುರದ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಇಣುಕಿದವರಿಗೆ ಇದಕ್ಕೆ ಸಾಕ್ಷಿ ಬೇಡ.

ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದೇ? ಅಲ್ಲ. ನಮ್ಮ ಮೆಣಸಿನಕಾಯಿ ಅಮೆರಿಕದ್ದು, ಹುಣಸೆ ಮೂಲತಃ ಆಫ್ರಿಕಾದ್ದು, ಮೈಸೂರಿನ ಬೀದಿಗೆ ಕೆಂಪು ಹೊದಿಸುವ ಗುಲ್‌ಮೊಹರ್ ಮಡಗಾಸ್ಕರ್‌ನದು. ಇವು ನೆಟ್ಟ ಜಾಗದಲ್ಲಿ ನಿಂತಿವೆ. ಕಳೆ ಎನಿಸಿಕೊಳ್ಳುವುದು ಕರೆಯದೆ ಹಬ್ಬಿ, ಪಕ್ಕದವರ ತಟ್ಟೆಗೂ ಕೈ ಹಾಕುವ ಗಿಡ. ಲಂಟಾನ ಮಾಡುವುದು ಅದನ್ನೇ. ದನಕರು ಇದನ್ನು ಮುಟ್ಟುವುದಿಲ್ಲ, ಮುಟ್ಟಿದರೆ ಯಕೃತ್ತಿಗೆ ಪೆಟ್ಟು. ಇದರ ಎಲೆ, ಬೇರಿನಿಂದ ಇಳಿಯುವ ರಾಸಾಯನಿಕಗಳು ಬೇರೆ ಬೀಜ ಮೊಳೆಯದಂತೆ ಅಡ್ಡಿ ಮಾಡುತ್ತವೆ. ಪೊದೆ ಎಷ್ಟು ದಟ್ಟವೆಂದರೆ ಕೆಳಗೆ ಬಿಸಿಲು ಬೀಳುವುದಿಲ್ಲ. ಹಣ್ಣನ್ನು ಪಿಕಳಾರ ತಿಂದು ಊರೆಲ್ಲ ಬಿತ್ತುತ್ತದೆ. ಬೇಸಿಗೆಗೆ ಒಣಗಿದರೆ ಬೆಂಕಿಗೆ ಏಣಿ: ನೆಲದ ಹುಲ್ಲಿನಲ್ಲಿ ಹರಿದುಹೋಗಬೇಕಿದ್ದ ಬೆಂಕಿ ಲಂಟಾನ ಹತ್ತಿ ಮರದ ಕೊಂಬೆಗೆ ಏರುತ್ತದೆ.

ಇದನ್ನು ಕೀಳುವುದರಲ್ಲೊಂದು ಕಸುಬಿದೆ. ಉತ್ಸಾಹದ ಮೇಲೆ ಬಂದವರು ಕಾಂಡ ಹಿಡಿದು ಜಗ್ಗುತ್ತಾರೆ. ಕಾಂಡ ಕುತ್ತಿಗೆಯಲ್ಲಿ ಲಟಕ್ಕನೆ ಮುರಿಯುತ್ತದೆ, ಎಲ್ಲರಿಗೂ ಸಮಾಧಾನ. ತಿಂಗಳು ಬಿಟ್ಟು ಬಂದರೆ ಒಂದಿದ್ದ ಕಡೆ ಆರು ಚಿಗುರು. ಮಚ್ಚಿನಿಂದ ಸವರಿದರೂ ಅದೇ ಕತೆ. ಜೆಸಿಬಿ ತಂದರೆ ಲಂಟಾನದ ಜೊತೆಗೆ ನಾವು ಬಟ್ಟೆ ಕಟ್ಟಿದ್ದ ಕೂಳೆಗಳೂ, ಮೇಲ್ಮಣ್ಣೂ ಎದ್ದುಹೋಗುತ್ತವೆ. ಕದಡಿದ ಮಣ್ಣಿನಲ್ಲಿ ಮೊದಲು ಮೊಳೆಯುವುದು ಮತ್ತೆ ಲಂಟಾನದ ಬೀಜವೇ.

ದೆಹಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸಿ.ಆರ್. ಬಾಬು ಮತ್ತು ಅವರ ತಂಡ ರೂಪಿಸಿದ ವಿಧಾನ ಇದಕ್ಕಿಂತ ಸರಳ. ಗಿಡದ ಕಾಂಡ ಮುಗಿದು ಬೇರು ಶುರುವಾಗುವ ಕಡೆ ಒಂದು ಗಂಟು ಇರುತ್ತದೆ. ಚಿಗುರುವ ಶಕ್ತಿಯೆಲ್ಲ ಆ ಗಂಟಿನಲ್ಲಿ. ಮೊದಲು ಸುತ್ತಲ ಕೊಂಬೆ ಸವರಿ ಬುಡ ಕಾಣುವಂತೆ ಮಾಡಿಕೊಳ್ಳಬೇಕು. ಪಿಕಾಸಿಯಿಂದ ಬುಡದ ಮಣ್ಣು ಮಾತ್ರ ಸರಿಸಿ, ಆ ಗಂಟಿನಿಂದ ಒಂದೆರಡು ಅಂಗುಲ ಕೆಳಗೆ ತಾಯಿಬೇರಿಗೆ ಏಟು ಕೊಡಬೇಕು. ಆಮೇಲೆ ಬುಡಸಮೇತ ಗಿಡವನ್ನು ಎತ್ತಿ, ಬಂಡೆಯ ಮೇಲೋ ಇನ್ನೊಂದು ಪೊದೆಯ ಮೇಲೋ ತಲೆಕೆಳಗಾಗಿ ಇಡಬೇಕು. ಬುಡ ಮಣ್ಣಿಗೆ ತಾಗಿದರೆ ಮತ್ತೆ ಬೇರು ಬಿಡುತ್ತದೆ, ಅಷ್ಟು ಗಟ್ಟಿ ಜೀವ. ನೆಲದೊಳಗೆ ಉಳಿದ ಬೇರು ತಾನಾಗಿ ಕೊಳೆಯುತ್ತದೆ. ಗುಂಡಿ ದೊಡ್ಡದಾಗುವುದಿಲ್ಲ, ಮಣ್ಣು ಕದಡುವುದಿಲ್ಲ. ಕಲಿತ ಕೈಗೆ ಒಂದು ನಡು ಗಾತ್ರದ ಪೊದೆಗೆ ಐದು ನಿಮಿಷ ಸಾಕು. ನನಗೆ ಮೊದಲ ದಿನ ಇಪ್ಪತ್ತು ಹಿಡಿದಿತ್ತು, ಎರಡು ಬೊಬ್ಬೆ ಬೋನಸ್ಸು.

ಅಲ್ಲಿಗೆ ಮುಗಿಯಲಿಲ್ಲ. ಮಣ್ಣಿನಲ್ಲಿ ಬಿದ್ದಿರುವ ಬೀಜ ವರ್ಷಗಟ್ಟಲೆ ಕಾಯಬಲ್ಲದು. ಪೊದೆ ಹೋಗಿ ಬಿಸಿಲು ಬಿದ್ದಕೂಡಲೇ ನೂರಾರು ಎಳೆ ಸಸಿ ಏಳುತ್ತವೆ. ಮಳೆ ಬಿದ್ದು ಮಣ್ಣು ಮೆತ್ತಗಿರುವಾಗ ಅವನ್ನು ಎರಡು ಬೆರಳಿನಲ್ಲಿ ಕೀಳಬಹುದು, ಕೊತ್ತಂಬರಿ ಮಡಿಯಲ್ಲಿ ಕಳೆ ತೆಗೆದ ಹಾಗೆ. ಮಕ್ಕಳಿಗೂ ವಯಸ್ಸಾದವರಿಗೂ ಹೇಳಿ ಮಾಡಿಸಿದ ಕೆಲಸ. ಇದನ್ನು ಕನಿಷ್ಠ ಮೂರು ಮಳೆಗಾಲ ಬಿಡದೆ ಮಾಡಬೇಕು. ಮೊದಲ ವರ್ಷ ಕಿತ್ತು ಎರಡನೆಯ ವರ್ಷ ಬಾರದಿದ್ದರೆ, ಲಂಟಾನಕ್ಕೆ ನಾವೇ ಪಾತಿ ಮಾಡಿಕೊಟ್ಟಂತಾಯಿತು.

ಕಿತ್ತ ಕಡ್ಡಿಗೂ ಬೆಲೆ ಇದೆ. ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಲಂಟಾನದ ಕೋಲು ಬೇಯಿಸಿ, ಸಿಪ್ಪೆ ತೆಗೆದು ಕುರ್ಚಿ, ಬುಟ್ಟಿ, ಆನೆಯ ಬೊಂಬೆ ಮಾಡುತ್ತಾರೆ.

ಕಾಂಗ್ರೆಸ್ ಗಿಡ ಅಂದರೆ ಪಾರ್ಥೇನಿಯಂ ವಿಷಯ ಚಿಕ್ಕದು: ಹೂ ಬಿಡುವ ಮೊದಲೇ, ಕೈಗವಸು ಹಾಕಿಕೊಂಡು, ಬುಡಸಮೇತ ಕೀಳುವುದು. ಚರ್ಮದ ಅಲರ್ಜಿ, ಉಬ್ಬಸ ಇರುವವರು ಹತ್ತಿರ ಹೋಗದಿರುವುದೇ ಲೇಸು. ಎಲೆಯೆಲ್ಲ ಜರಡಿಯಾದ ಗಿಡ ಕಂಡರೆ ತಿರುಗಿಸಿ ನೋಡಿ, ಬಿಳುಪು ಮೈಯ ಮೇಲೆ ಕಂದು ಗೀರಿರುವ ಪುಟ್ಟ ಜೀರುಂಡೆ ಇರಬಹುದು. ಪಾರ್ಥೇನಿಯಂ ತಿನ್ನಲೆಂದೇ ಮೆಕ್ಸಿಕೊದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಹುಳುವಿನ ಸಂತತಿ ಅದು. ಅದನ್ನು ಹೊಸಕಬೇಡಿ.

ಎಲ್ಲಿಂದ ಶುರು ಮಾಡಬೇಕು?

ಮನೆ ಗುಡಿಸುವಾಗ ಹೆಚ್ಚು ಕೊಳೆ ಇರುವ ಕಡೆಯಿಂದ ಶುರು ಮಾಡುತ್ತೇವೆ. ಕಾಡಿನಲ್ಲಿ ಇದು ಉಲ್ಟಾ. 1960ರ ದಶಕದಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಜೋನ್ ಮತ್ತು ಐಲೀನ್ ಬ್ರಾಡ್ಲಿ ಎಂಬ ಅಕ್ಕತಂಗಿಯರು ತಮ್ಮ ಮನೆ ಹತ್ತಿರದ ಕುರುಚಲು ಕಾಡಿನಲ್ಲಿ ದಿನವೂ ವಾಕಿಂಗ್ ಹೋಗುತ್ತಾ ಒಂದಿಷ್ಟು ಕಳೆ ಕೀಳುತ್ತಿದ್ದರು. ಅವರು ಕಂಡುಕೊಂಡದ್ದು ಇದು: ಕಾಡು ಚೆನ್ನಾಗಿರುವ ಕಡೆಯಿಂದ ಕೆಟ್ಟಿರುವ ಕಡೆಗೆ ಹೋಗಬೇಕು, ಮಣ್ಣು ಆದಷ್ಟು ಕಡಿಮೆ ಕೆದಕಬೇಕು, ಅಲ್ಲಿಯದೇ ಆದ ಗಿಡಗಳು ಖಾಲಿಯಾದ ಜಾಗ ತುಂಬುವ ವೇಗಕ್ಕಿಂತ ಜೋರಾಗಿ ಕಳೆ ತೆಗೆಯಬಾರದು. ಇಬ್ಬರು ವಾಕಿಂಗ್ ಹೆಂಗಸರ ಈ ಪದ್ಧತಿ ಇವತ್ತು ಜಗತ್ತಿನ ಹಲವೆಡೆ ಸ್ವಯಂಸೇವಕರಿಗೆ ಮೊದಲ ಪಾಠ.

ಕಾರಣ ಸರಳ. ಚೆನ್ನಾಗಿರುವ ತುಂಡಿನಲ್ಲಿ ನಾಲ್ಕು ಲಂಟಾನ ತೆಗೆದರೆ ಸುತ್ತಲ ಗಿಡಗಳೇ ಆ ಜಾಗ ಹಿಡಿಯುತ್ತವೆ. ಪೂರ್ತಿ ಲಂಟಾನವೇ ಆಗಿರುವ ಒಂದು ಎಕರೆಯನ್ನು ಒಂದೇ ದಿನ ಬೋಳಿಸಿದರೆ ಅಲ್ಲಿ ಬೀಜ ಬೀಳಿಸುವ ಮರವೇ ಇರುವುದಿಲ್ಲ. ಇನ್ನೊಂದು ತೊಂದರೆಯೂ ಇದೆ. ಇಷ್ಟು ವರ್ಷದಲ್ಲಿ ಎಷ್ಟೋ ಹಕ್ಕಿಗಳು ಲಂಟಾನದ ಪೊದೆಯಲ್ಲೇ ಗೂಡು ಕಟ್ಟಿಕೊಂಡಿವೆ, ಚಿಟ್ಟೆಗಳು ಅದರ ಮಕರಂದಕ್ಕೆ ಒಗ್ಗಿವೆ, ಮೊಲ ಅಲ್ಲೇ ಅಡಗುತ್ತದೆ. ಎಲ್ಲವನ್ನೂ ಒಂದೇ ಸಲ ತೆಗೆದರೆ ಅವಕ್ಕೆ ನೆಲೆಯಿಲ್ಲ. ಅದಕ್ಕೇ ತುಂಡು ತುಂಡಾಗಿ, ಗೂಡು ಇದೆಯೇ ನೋಡಿಕೊಂಡು.

ಕೊನೆಗೂ ಸಸಿ

ಹುಡುಕಿದರೂ ಕೂಳೆ ಸಿಗದ, ಸುತ್ತ ತಾಯಿಮರವೂ ಇಲ್ಲದ ಜಾಗದಲ್ಲಿ ಸಸಿ ನೆಡಬೇಕು. ಯಾವಾಗ? ವಿಶ್ವ ಪರಿಸರ ದಿನ ಜೂನ್ 5. 1950ರಲ್ಲಿ ಆಗಿನ ಕೇಂದ್ರ ಕೃಷಿ ಸಚಿವ ಕೆ.ಎಂ. ಮುನ್ಶಿ ಆರಂಭಿಸಿದ ವನಮಹೋತ್ಸವ ಜುಲೈ ಮೊದಲ ವಾರ. ಕ್ಯಾಲೆಂಡರಿಗೆ ಇವು ಸರಿ, ಸಸಿಗೆ ಮಣ್ಣೇ ಕ್ಯಾಲೆಂಡರ್. ‘ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ’ ಎನ್ನುವ ರೈತರು ಆ ಮಳೆಗೆ ಹೊಲ ಹದ ಮಾಡಿಕೊಳ್ಳುತ್ತಾರಲ್ಲ, ಹಾಗೆ ಏಪ್ರಿಲ್‌, ಮೇ ಮಳೆಗೆ ಗುಂಡಿ ತೆಗೆದಿಟ್ಟುಕೊಳ್ಳಬೇಕು. ಹಾರೆ ಊರಿ ನೋಡಿದರೆ ಒಂದಡಿ ಆಳದವರೆಗೂ ತೇವ ಇರಬೇಕು. ಆಗ ನೆಟ್ಟರೆ ಸರಿ. ಒಂದು ಸೋನೆಗೆ ಮೇಲ್ಮಣ್ಣು ಒದ್ದೆಯಾದದ್ದನ್ನು ನಂಬಬಾರದು.

ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ. ತೆಗೆಯುವಾಗ ಮೇಲಿನ ಕಪ್ಪು ಮಣ್ಣು ಒಂದು ಕಡೆ, ಕೆಳಗಿನ ಗೊರಜು ಇನ್ನೊಂದು ಕಡೆ. ತುಂಬುವಾಗ ಮೇಲ್ಮಣ್ಣು ಮೊದಲು, ಬೇರಿಗೆ ತಾಗುವಂತೆ. ಕವರನ್ನು ಬ್ಲೇಡಿನಿಂದ ಸೀಳಿ ತೆಗೆಯಬೇಕು. ತಳದಲ್ಲಿ ಬೇರು ಸುರುಳಿ ಸುತ್ತಿದ್ದರೆ ಆ ಒಂದು ಅಂಗುಲವನ್ನು ಕತ್ತರಿಸಬೇಕು, ಇಲ್ಲದಿದ್ದರೆ ಮಣ್ಣಿಗಿಳಿದ ಮೇಲೂ ಬೇರು ಸುತ್ತುತ್ತಲೇ ಇರುತ್ತದೆ. ಇಳಿಜಾರಿನಲ್ಲಿ ಪಾತಿ ದುಂಡಗೆ ಬೇಡ. ಕೆಳಬದಿಗೆ ಅರ್ಧಚಂದ್ರದ ಬದು, ಮೇಲಿನಿಂದ ಹರಿದು ಬರುವ ನೀರು ಅಲ್ಲಿ ತಡೆದು ಇಂಗಲಿ ಎಂದು. ಬುಡಕ್ಕೆ ಒಣಹುಲ್ಲು, ತರಗಿನ ಹೊದಿಕೆ. ಸುತ್ತ ಜಾಲಿ ಮುಳ್ಳು.

ಕವರಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಒಂದು ಮಳೆಗಾಲದಲ್ಲಿ ದೊಡ್ಡ ಗುಂಪೊಂದು ಬಸ್ಸಿನಲ್ಲಿ ಬಂದು, ಎರಡು ಗಂಟೆಯಲ್ಲಿ ನೂರಾರು ಸಸಿ ನೆಟ್ಟು, ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಂಡು ಹೋಯಿತು. ನಾನೂ ಆ ದಿನ ಅವರ ಜೊತೆಗಿದ್ದೆ. ಮಾರ್ಚ್‌ನಲ್ಲಿ ಹೋಗಿ ಒಣಗಿದ ಸಸಿಯೊಂದನ್ನು ಎಳೆದರೆ, ಮೂಲಂಗಿಯ ಹಾಗೆ ಸಲೀಸಾಗಿ ಎದ್ದುಬಂತು. ಬುಡದಲ್ಲಿ ಕಪ್ಪು ಪ್ಲಾಸ್ಟಿಕ್ ಹಾಗೇ ಇತ್ತು. ಪಕ್ಕದ್ದೂ ಹಾಗೇ. ಅವುಗಳಲ್ಲಿ ನಾನು ನೆಟ್ಟದ್ದು ಯಾವುದೋ.

ನೀರಿನ ಲೆಕ್ಕವನ್ನೂ ನೆಡುವ ಮೊದಲೇ ಹಾಕಬೇಕು. ಮೂರು ಮೀಟರ್‌ಗೆ ಒಂದರಂತೆ ನೆಟ್ಟರೆ ಎಕರೆಗೆ ಸುಮಾರು 450 ಸಸಿ. ಬೇಸಿಗೆಯಲ್ಲಿ ಒಂದೊಂದಕ್ಕೆ ಒಂದು ಸಲಕ್ಕೆ 10 ಲೀಟರ್ ಎಂದರೂ 4,500 ಲೀಟರ್, ಅಂದರೆ ಒಂದು ಟ್ಯಾಂಕರ್. ಟ್ಯಾಂಕರ್ ಹೋಗುವ ದಾರಿ ಇದೆಯೇ? ಇಲ್ಲವಾದರೆ ಹೊರುವವರು ಯಾರು? ಇದಕ್ಕೆ ಉತ್ತರ ಇಲ್ಲದ ಕಡೆ 450ರ ಬದಲು 50 ನೆಡುವುದು ವಾಸಿ.

ಜಾತಿ ಆರಿಸುವಾಗ ಪಕ್ಕದ ಒಳ್ಳೆಯ ಕಾಡನ್ನೇ ಕೇಳಬೇಕು: ಅಲ್ಲಿ ಏನಿದೆಯೋ ಅದು. ಮಾವು, ಹಲಸಿನ ಸಸಿ ಹಿಡಿದು ಪ್ರೀತಿಯಿಂದ ಬರುವವರಿದ್ದಾರೆ. ಅವಕ್ಕೆ ಬೆಟ್ಟದ ಒಣ ಮಗ್ಗುಲು ಸೇರುವುದಿಲ್ಲ; ಹಿತ್ತಿಲಿಗೆ ಒಳ್ಳೆಯದು.

ಮಿಯಾವಾಕಿ ಮಾಡಿದರೆ ಆಗದೇ?

ಈಗ ಎಲ್ಲರೂ ಕೇಳುವ ಪ್ರಶ್ನೆ. ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿ ರೂಪಿಸಿದ ಈ ಪದ್ಧತಿಯಲ್ಲಿ ಮಣ್ಣನ್ನು ಆಳವಾಗಿ ಸಡಿಲಿಸಿ, ಗೊಬ್ಬರ ಬೆರೆಸಿ, ಒಂದು ಚದರ ಮೀಟರಿಗೆ ಮೂರು ನಾಲ್ಕು ಸಸಿ ಒತ್ತೊತ್ತಾಗಿ ನೆಡುತ್ತಾರೆ. ಬಿಸಿಲಿಗಾಗಿ ಒಂದಕ್ಕೊಂದು ಪೈಪೋಟಿ ಬಿದ್ದು ಬೇಗ ಮೇಲೇಳುತ್ತವೆ. ಮೊದಲ ಎರಡು ಮೂರು ವರ್ಷ ನೀರು, ಕಳೆ ನೋಡಿಕೊಳ್ಳಬೇಕು. ಎಕರೆಗೆ 12,000ಕ್ಕೂ ಮೇಲ್ಪಟ್ಟು ಸಸಿ ಬೇಕಾಗುವುದರಿಂದ ಖರ್ಚು ದೊಡ್ಡದು. ಕಟ್ಟಡಗಳ ನಡುವಿನ ಸತ್ತ ಮಣ್ಣಿನ ಸಣ್ಣ ಸೈಟಿಗೆ ಇದು ಹೊಂದುತ್ತದೆ. ಈಗಾಗಲೇ ಬೇರು, ಬೀಜ, ಹುಲ್ಲು ಇರುವ ಬೆಟ್ಟದಲ್ಲಿ ಮಣ್ಣು ಅಗೆದು ಇದನ್ನು ಮಾಡಿದರೆ ಇದ್ದದ್ದನ್ನು ಕೆಡಿಸಿ ಹೊಸದನ್ನು ಕೊಂಡಂತಾಗುತ್ತದೆ.

ಯಾರ ಜಾಗ, ಯಾರ ಅನುಮತಿ?

ಒಳ್ಳೆಯ ಕೆಲಸ ತಾನೇ ಎಂದು ಮಚ್ಚು ಹಿಡಿದು ಹೋಗುವಂತಿಲ್ಲ. ಚಾಮುಂಡಿ ಬೆಟ್ಟದ ಕಾಡು ಮೀಸಲು ಅರಣ್ಯ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಲ್ಲಿ ಅನುಮತಿ ಇಲ್ಲದೆ ನುಗ್ಗುವುದು, ಗಿಡ ಕಡಿಯುವುದು ಅಪರಾಧ. ಕಿತ್ತದ್ದು ಕಳೆ ಎಂಬ ಸಮಜಾಯಿಷಿ ನಡೆಯುವುದಿಲ್ಲ. ವಲಯ ಅರಣ್ಯಾಧಿಕಾರಿಗೆ ಪತ್ರ ಬರೆದು, ಯಾವ ಜಾಗ, ಎಷ್ಟು ಜನ, ಏನು ಕೆಲಸ ಎಂದು ತಿಳಿಸಿ, ಇಲಾಖೆಯ ಸಿಬ್ಬಂದಿ ಜೊತೆಗಿರುವಾಗಲೇ ಕೆಲಸ ಮಾಡಬೇಕು. ಅಶೋಕಪುರಂನ ಅರಣ್ಯ ಭವನದಲ್ಲಿ ವಿಚಾರಿಸಿದರೆ ದಾರಿ ತಿಳಿಯುತ್ತದೆ. ಕೆರೆಯಂಚುಗಳಿಗೆ ಬೇರೆ ಬೇರೆ ಯಜಮಾನರು. ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆ ಮೈಸೂರು ವಿಶ್ವವಿದ್ಯಾನಿಲಯದ ಸುಪರ್ದಿಯಲ್ಲಿದೆ. ಅವರೇ 1828ರಲ್ಲಿ ಕಟ್ಟಿಸಿದ ಲಿಂಗಾಂಬುಧಿ ಕೆರೆಯನ್ನು ನೋಡಿಕೊಳ್ಳುವುದು ಅರಣ್ಯ ಇಲಾಖೆ. ಕಾರಂಜಿ ಕೆರೆ ಮೃಗಾಲಯದ್ದು. ಇನ್ನು ನಿಮ್ಮ ಬಡಾವಣೆಯ ಮರ ಕಡಿಯುತ್ತಿದ್ದರೆ ಕೇಳಬೇಕಾದ್ದು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿ ಕೊಟ್ಟ ಅನುಮತಿ ಪತ್ರವನ್ನು.

ಹೋಗುವ ದಿನ

ಉದ್ದ ತೋಳಿನ ಹಳೆ ಅಂಗಿ, ಗಟ್ಟಿ ಪ್ಯಾಂಟು, ಮುಚ್ಚಿದ ಬೂಟು. ಕೈ ಇಡುವ ಮೊದಲು ಕೋಲಿನಿಂದ ತಟ್ಟುವುದು. ಕೊಳಕುಮಂಡಲ ತರಗಿನ ಬಣ್ಣದ್ದೇ. ಯಾರಿಗಾದರೂ ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಹೀರುವುದು ಏನೂ ಬೇಡ, ನೇರ ಆಸ್ಪತ್ರೆ. ಬೆಟ್ಟದಲ್ಲಿ ಚಿರತೆ ಇರುವುದರಿಂದ ಬೆಳಕು ಚೆನ್ನಾಗಿ ಹರಿದ ಮೇಲೆ ಒಳಗೆ, ಬಿಸಿಲು ಏರುವ ಮೊದಲು ಹೊರಗೆ, ಯಾವಾಗಲೂ ಗುಂಪಿನಲ್ಲಿ. ಮನೆಗೆ ಬಂದ ಮೇಲೆ ಮೈಗೆ ಉಣ್ಣೆ ಹುಳ ಹತ್ತಿದೆಯೇ ನೋಡಿಕೊಳ್ಳಿ.

ಭಕ್ತರು ಬೆಟ್ಟ ಹತ್ತುವ ಆಷಾಢ ಶುಕ್ರವಾರಗಳ ಮರುದಿನ ಕೆಲಸ ಬೇರೆಯೇ: ಮೆಟ್ಟಿಲ ಬದಿಯ ಪ್ಲಾಸ್ಟಿಕ್ ಲೋಟ, ತಟ್ಟೆ ಆಯುವುದು. ಜನವರಿಯಲ್ಲಿ ಬೆಂಕಿ ರೇಖೆ, ಅಂದರೆ ಬೆಂಕಿ ದಾಟದಂತೆ ಹುಲ್ಲು ತರಗು ತೆಗೆದು ಪಟ್ಟೆಯಾಗಿ ನೆಲ ಬೋಳು ಮಾಡಿಡುವ ಕೆಲಸಕ್ಕೆ ಇಲಾಖೆ ಕೈಜೋಡಿಸಲು ಕರೆಯುವುದುಂಟು. ನಮ್ಮ ಒಣ ಕಾಡಿಗೆ ಬೆಂಕಿ ಬೀಳುವುದು ಬಹುಮಟ್ಟಿಗೆ ಮನುಷ್ಯರ ಕೈಯಿಂದ, ಆರದ ಬೀಡಿ ತುಂಡಿನಿಂದ ಹಿಡಿದು ಹೊಸ ಹುಲ್ಲು ಬರಲೆಂದು ಬೇಕಂತಲೇ ಹಚ್ಚುವವರೆಗೆ. ಹೊಗೆ ಕಂಡರೆ ಸ್ವಯಂಸೇವಕರ ಕೆಲಸ 112ಕ್ಕೆ ಕರೆ ಮಾಡಿ, ಸಿಬ್ಬಂದಿಗೆ ದಾರಿ ತೋರಿಸುವುದಷ್ಟೇ. ಸೊಪ್ಪು ಹಿಡಿದು ಬೆಂಕಿ ಬಡಿಯಲು ಇಳಿಯುವುದು ತರಬೇತಿ ಇದ್ದವರಿಗೆ ಬಿಟ್ಟದ್ದು.

ಲೆಕ್ಕದ ಪುಸ್ತಕ

‘ಎಷ್ಟು ನೆಟ್ಟಿರಿ?’ ಎಂದು ಎಲ್ಲರೂ ಕೇಳುತ್ತಾರೆ. ಪತ್ರಿಕೆಗೆ ಹೋಗುವುದೂ ಅದೇ ಸಂಖ್ಯೆ. ಕೆಲಸ ಗೊತ್ತಿರುವ ಗುಂಪುಗಳು ಇನ್ನೊಂದು ಲೆಕ್ಕ ಇಡುತ್ತವೆ. ಬಟ್ಟೆ ಕಟ್ಟಿದ ಕೂಳೆ, ನೆಟ್ಟ ಸಸಿ ಸೇರಿಸಿ ಐವತ್ತನ್ನು ಆರಿಸಿ, ತಗಡಿನ ಚೂರಿಗೆ ನಂಬರ್ ಗೀಚಿ ಬುಡಕ್ಕೊಂದು ಗೂಟ ಹೊಡೆದು ತೂಗುಹಾಕುತ್ತಾರೆ. ವರ್ಷಕ್ಕೆ ಎರಡು ಸಲ, ಚಿತ್ತಾ ಸ್ವಾತಿ ಮಳೆ ಮುಗಿದ ಮೇಲೊಮ್ಮೆ, ಏಪ್ರಿಲ್‌ನ ಉರಿಯಲ್ಲೊಮ್ಮೆ ಹೋಗಿ ಒಂದೊಂದನ್ನೇ ನೋಡಿ ಬರೆಯುತ್ತಾರೆ: ಎತ್ತರ, ಎಲೆ, ಯಾರು ತಿಂದರು, ಸುತ್ತ ಲಂಟಾನ ಮತ್ತೆ ಎದ್ದಿದೆಯೇ. ಯಾವ ಜಾತಿ ಯಾವ ಮಗ್ಗುಲಿಗೆ ಹಿಡಿಯಿತು ಎಂಬುದು ತಿಳಿಯುವುದು ಈ ಪುಸ್ತಕದಿಂದ. ಮುಂದಿನ ವರ್ಷ ಏನು ನೆಡಬೇಕು, ಎಲ್ಲಿ ನೆಡದೆ ಬಿಡಬೇಕು ಎಂಬುದೂ.

ಕಳೆದ ಬೇಸಿಗೆಯ ಪುಟವೊಂದು ನನ್ನ ಅಕ್ಷರದಲ್ಲೇ ಇದೆ. 17, ಕಕ್ಕೆ: ಇಲ್ಲ. 18, ನೆಲ್ಲಿ: ಇಲ್ಲ, ಗೂಟವೂ ಇಲ್ಲ. 19, ದಿಂಡಿಗ ಕೂಳೆ: ಸೊಂಟದೆತ್ತರ, ಎಲೆ ಉದುರಿದೆ, ಉಗುರಿನಿಂದ ಕೆರೆದರೆ ಒಳಗೆ ಹಸಿರು. 20, ಹೊಂಗೆ: ಒಣಗಿದೆ. 21, ಬಿಲ್ವ: ಮೇಕೆ ತಿಂದಿದೆ, ಬುಡದಿಂದ ಎರಡು ಚಿಗುರು, ಅಕ್ಟೋಬರ್‌ನಲ್ಲಿ ನೋಡುವುದು.